ಕೊರೆಯದೆ ಬಿಟ್ಟ ಗೋಡೆ

ಬೋರ್ಡ್ ಬರೆಯುವ ಪೇಂಟರನಿಗೆ ಬೀದಿಯವರು ಇಟ್ಟ ಅಡ್ಡಹೆಸರು ‘ಭೂಕಂಪ’. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಎಲ್ಲೆಡೆ ‘ಓಡಬೇಡಿ, ತಲೆ ಮುಚ್ಚಿಕೊಳ್ಳಿ, ಮೇಜಿನ ಕಾಲು ಹಿಡಿದುಕೊಳ್ಳಿ’ ಎಂದು ದಪ್ಪ ಅಕ್ಷರದಲ್ಲಿ ಬರೆದವನು ಅವನೇ. ಬರೆದೂ ಬರೆದೂ ಭೂಕಂಪವನ್ನು ಕಂಡುಹಿಡಿದವನೇ ತಾನು ಎಂಬಷ್ಟು ಜಂಭ ಬಂದುಬಿಟ್ಟಿತ್ತು. ಈಗ ಆ ದಿನಗಳನ್ನು ನೆನೆದರೆ, “ನನ್ನಂಥ ಪಂಡಿತ ಇನ್ನೊಬ್ಬ ಇರ್ಲಿಲ್ಲ ಬಿಡಿ” ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ.

ಮನೆಯಲ್ಲಿ ಅವನ ಪಾಂಡಿತ್ಯಕ್ಕೆ ಸಿಕ್ಕಿಬಿದ್ದವರು ಇಬ್ಬರು, ಹೆಂಡತಿ ಮತ್ತು ಅಮ್ಮ. ರಜಾದಿನ ಬಂತೆಂದರೆ ಅವನು ನಡುಮನೆಯಲ್ಲಿ ನಿಂತು “ನಡುಗ್ತಾ ಇದೆ!” ಎಂದು ಅರಚುತ್ತಿದ್ದ. ಹೆಂಡತಿ ಒಲೆ ಆರಿಸಿ ಊಟದ ಮೇಜಿನಡಿ ನುಗ್ಗಬೇಕು. ಅವಳು ನುಗ್ಗುತ್ತಿದ್ದಳು, ಬೈಯುತ್ತಲೇ. ಅಮ್ಮನಿಗೆ ಮಂಡಿ ನೋವು, ಬಗ್ಗಲು ಆಗದು. ಒಳಕೋಣೆಯ ಮಂಚದ ಮೇಲೆ ಮಲಗಿರುತ್ತಿದ್ದ ಅವಳಿಗೆ ಬೇರೆಯೇ ಪಾಠ.

“ಅಮ್ಮಾ, ನೀನು ಏಳಬೇಡ. ಅಲ್ಲೇ ಬೋರಲಾಗಿ ಮಲ್ಕೊಂಡು ದಿಂಬು ತಲೆ ಮೇಲೆ ಒತ್ತಿ ಹಿಡ್ಕೊ. ಕೇಳಿಸ್ತಾ?”

“ನಿನ್ನ ಕೂಗಿಗೇ ನನ್ನ ತಲೆ ಅದುರ್ತಿದೆ. ಭೂಮಿ ಬೇರೆ ಯಾಕೆ ಅದುರ್ಬೇಕು?” ಎಂದು ಅವಳು ಗೋಡೆಯ ಕಡೆ ಹೊರಳುತ್ತಿದ್ದಳು.

ಇವಳ ಕಿವಿಗೆ ಏನೂ ಹೋಗುವುದಿಲ್ಲ ಎಂದು ನಮ್ಮ ಪಂಡಿತರು ತೀರ್ಮಾನಿಸಿದರು. ನಿಜವಾಗಿ ನಡುಗಿದ ದಿನ ತಾನೇ ಓಡಿಹೋಗಿ ಅಮ್ಮನನ್ನು ಅನಾಮತ್ತಾಗಿ ಎತ್ತಿ ತರುವುದೆಂದು ಮನಸ್ಸಿನಲ್ಲೇ ಯೋಜನೆ ಹಾಕಿದರು. ‘ಓಡಬೇಡಿ’ ಎಂಬುದು ಊರಿನವರಿಗಾಗಿ ಬರೆದದ್ದಲ್ಲವೇ! ಒಮ್ಮೆ ಎತ್ತಿಯೂ ನೋಡಿದ್ದ. ಅವನ ಸೊಂಟವೇ ಹಿಡಿದುಕೊಂಡಿತು, ಆಮೇಲೆ ಅಮ್ಮನೇ ಅದಕ್ಕೆ ಎಣ್ಣೆ ತಿಕ್ಕಬೇಕಾಯಿತು.

ಒಳಕೋಣೆಯೊಳಗೆ ಬಾಗಿಲ ಪಕ್ಕದಲ್ಲೇ ಆಳೆತ್ತರದ ಕಬ್ಬಿಣದ ಬೀರು ನಿಂತಿತ್ತು. ಅದನ್ನು ಗೋಡೆಗೆ ಬಿಗಿಯಲು ಪಟ್ಟಿ, ಸ್ಕ್ರೂ ಎಲ್ಲವನ್ನೂ ಅವನೇ ತಂದಿದ್ದ. ಆದರೆ ಅದೇ ಗೋಡೆಯ ಮೇಲೆ, ಅಮ್ಮ ಮಲಗಿದಲ್ಲಿಂದ ನೋಡಲೆಂದು, ಬಳ್ಳಿ ಬರೆದು ಬಳ್ಳಿಯ ತುಂಬ ಗುಬ್ಬಚ್ಚಿ ಕೂರಿಸಿದ್ದವನೂ ಅವನೇ. ಪಟ್ಟಿ ಬರಬೇಕಾದ ಜಾಗದಲ್ಲಿ ಎಲ್ಲಕ್ಕಿಂತ ಚೆಂದದ ಗುಬ್ಬಚ್ಚಿ ಇತ್ತು.

“ಬೀರು ಬಿಗೀರಿ ಅಂದ್ರೆ,” ಎಂದು ಹೆಂಡತಿ ಹೇಳಿ ಹೇಳಿ ಸೋತಳು.

“ಇದರ ಎದೆಗೆ ಡ್ರಿಲ್ ಹಾಕೋದಾ? ನನ್ನ ಕೈ ಬರಲ್ಲ ಕಣೇ. ನೋಡೋಣ ಇರು.”

ಅವನು ನೋಡುತ್ತಲೇ ಇದ್ದಾಗ ಒಂದು ಬೆಳಿಗ್ಗೆ ಭೂಮಿ ನಡುಗಿತು.

ಮೊದಲು ಲೋಟಗಳು ಗಲಗಲ ಎಂದವು. ಆಮೇಲೆ ನೆಲವೇ ಜಾರಿದಂತಾಯಿತು. ‘ನಡುಗ್ತಾ ಇದೆ’ ಎಂದು ಕೂಗಲು ಬಾಯಿ ತೆರೆದರೆ ಅವನ ಗಂಟಲಿನಿಂದ ಸೊಲ್ಲೇ ಹೊರಡಲಿಲ್ಲ. ಹೆಂಡತಿ ಮಾತ್ರ ಒಲೆ ಆರಿಸಿ, ಸರಕ್ಕನೆ ಮೇಜಿನಡಿ ಸೇರಿ, ಒಂದು ಕೈಯಿಂದ ಮೇಜಿನ ಕಾಲನ್ನೂ ಇನ್ನೊಂದು ಕೈಯಿಂದ ಅವನ ಪಂಚೆಯನ್ನೂ ಹಿಡಿದಳು. ಅವನು ಪಂಚೆ ಅವಳ ಕೈಯಲ್ಲೇ ಬಿಟ್ಟು, ಬರೀ ಚಡ್ಡಿಯಲ್ಲಿ ಒಳಕೋಣೆಯತ್ತ ನುಗ್ಗಿದ.

“ಬರ್ಬೇಡ! ಅಲ್ಲೇ ಕೂತ್ಕೊ!”

ಅಮ್ಮನ ಕೂಗು. ಚಿಕ್ಕಂದಿನಲ್ಲಿ ಅವನು ಬಾವಿಕಟ್ಟೆ ಹತ್ತಿದಾಗ ಕೂಗಿದ್ದಳಲ್ಲ, ಅದೇ ಗಂಟಲು. ಅವನ ಕಾಲು ತನ್ನಷ್ಟಕ್ಕೆ ಮಡಿಚಿಕೊಂಡಿತು. ಹೊಸ್ತಿಲ ಈಚೆ ಕುಕ್ಕರಿಸಿ ತಲೆ ಮುಚ್ಚಿಕೊಂಡ. ಮರುಕ್ಷಣ ಬೀರು ದಡಾರನೆ ಹೊಸ್ತಿಲ ಆಚೆ, ಅವನು ಹೆಜ್ಜೆ ಇಡಬೇಕಿದ್ದ ಜಾಗದಲ್ಲೇ ಉರುಳಿತು. ಅದರ ಗಾಳಿ ಅವನ ಮುಖಕ್ಕೆ ಬಡಿಯಿತು.

ನಡುಕ ನಿಂತಿತು. ಇಷ್ಟೆತ್ತರ ಎದ್ದ ದೂಳಿನಾಚೆ ಮಂಚದ ಮೇಲೆ ಅಮ್ಮ ಬೋರಲಾಗಿ ಮಲಗಿ, ದಿಂಬನ್ನು ಎರಡೂ ಕೈಯಿಂದ ತಲೆಗೆ ಒತ್ತಿ ಹಿಡಿದಿದ್ದಳು. ಅವನು ಬರೆದ ಯಾವ ಬೋರ್ಡಿನಲ್ಲೂ ಚಿತ್ರ ಅಷ್ಟು ಸರಿಯಾಗಿ ಬಂದಿರಲಿಲ್ಲ.

ಗಂಡ ಹೆಂಡತಿ ಸೇರಿ ಬೀರುವನ್ನು ಬದಿಗೆ ತಳ್ಳಿದರು. ಅವನು ಮಂಚದ ಬಳಿ ಕುಸಿದು ಕೂತ.

“ನೀನು ಎಲ್ಲಾ ಕೇಳಿಸ್ಕೊಳ್ತಿದ್ಯಾ ಅಮ್ಮಾ?”

“ಕೇಳಿಸ್ಕೊಳ್ದೆ ಏನು ಮಾಡ್ಲಿ? ಇದ್ದಷ್ಟು ದಿನ ಇದ್ದಾಯ್ತು, ನನ್ನ ಮೇಲೆ ಏನು ಬಿದ್ರೆ ಏನು? ಆದ್ರೆ ನೀನು ಓಡಿ ಬಂದೇ ಬರ್ತೀಯ ಅಂತ ಗೊತ್ತಿತ್ತು. ನಾನು ಸರಿಯಾಗಿ ಮಲಗಿದ್ರೆ ನೀನು ಬರೋದು ತಪ್ಪತ್ತೆ ಅಂತ ಕಲ್ತುಕೊಂಡೆ.” ದಿಂಬು ಇನ್ನೂ ಅವಳ ಕೈಯಲ್ಲೇ ಇತ್ತು. “ಆದ್ರೂ ಬಂದ್ಯಲ್ಲೋ, ದಡ್ಡ ಮುಂಡೇದೇ.”

ಅವನಿಗೆ ಏನಾದರೂ ತಮಾಷೆ ಮಾಡಬೇಕೆನಿಸಿತು. ಬಾಯಿ ತೆರೆದರೆ ಅಳು ಬಂತು. ತನ್ನ ಗುಬ್ಬಚ್ಚಿಯ ಚೆಂದಕ್ಕೆ ಅಮ್ಮನನ್ನು ಇಷ್ಟು ದಿನ ಬಿಗಿಯದ ಬೀರುವಿನ ಜೊತೆ ಒಂದೇ ಕೋಣೆಯಲ್ಲಿ ಮಲಗಿಸಿದ್ದೆನಲ್ಲ ಎಂದು ನಾಚಿಕೆಯೂ ಹೆದರಿಕೆಯೂ ಒಟ್ಟಿಗೇ ನುಗ್ಗಿ ಬಂದವು. ಅವನು ಅವಳ ಪಾದ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

“ತಾಯಿ ಮಗ ಇಬ್ರೂ ಹೊರಗೆ ಬಯಲಲ್ಲಿ ಕೂತು ಅಳಿ, ಮತ್ತೆ ನಡುಗಬಹುದು,” ಎಂದು ಹೆಂಡತಿ ಚಪ್ಪಲಿಗಳನ್ನು ತಂದು ಹಾಕಿ, ಪಂಚೆಯನ್ನು ಅವನ ಹೆಗಲಿಗೆ ಎಸೆದಳು. ಅವಳ ಕಣ್ಣುಗಳೂ ಒದ್ದೆಯಾಗಿದ್ದವು.

ಅವನು ಅಮ್ಮನನ್ನು ಎತ್ತಲು ಬಗ್ಗಿದ.

“ನಿನ್ನ ಸೊಂಟ ಗೊತ್ತು, ಬಿಡು,” ಎಂದು ಅವಳು ಕಾಲು ಕೆಳಗಿಟ್ಟು, ಅವನ ಭುಜ ಹಿಡಿದು ಎದ್ದು ನಿಂತಳು. ಇಬ್ಬರೂ ನಿಧಾನವಾಗಿ ಹೊರಗೆ ನಡೆದರು. ಬಯಲು ಸೇರಿ ಕೂತ ಮೇಲೂ ಅವಳು ಆ ಭುಜವನ್ನು ಬಿಡಲಿಲ್ಲ.