ಕ್ಲ್ಯಾಂಪಿನ ಮೇಲಿನ ಬಾಣ

ಎನರ್ಜಿ ಆಡಿಟ್ ಎಂದರೇನು ಎಂದು ನನ್ನ ಅತ್ತೆಗೆ ಇಪ್ಪತ್ತೆರಡು ವರ್ಷಗಳಿಂದ ವಿವರಿಸುತ್ತಲೇ ಇದ್ದೇನೆ. ಮನೆಗೆ ಬಂದವರಿಗೆಲ್ಲ ಅವರು ಹೇಳುವುದು ಮಾತ್ರ ಒಂದೇ: "ನಮ್ಮ ಸೊಸೆ ಕಾರ್ಖಾನೆಗಳ ಲೈಟು ಆರಿಸೋಕೆ ಹೋಗ್ತಾಳೆ." ಒಂದು ಕಟ್ಟಡಕ್ಕೆ ಎಷ್ಟು ಕರೆಂಟು ಬರುತ್ತದೆ, ಅದರಲ್ಲಿ ಯಾವ ಯಂತ್ರ ಎಷ್ಟು ತಿನ್ನುತ್ತದೆ, ಎಲ್ಲಿ ಸುಮ್ಮನೆ ಪೋಲಾಗುತ್ತದೆ ಎಂದು ಅಳೆದು ವರದಿ ಬರೆಯುವುದು ನನ್ನ ಕೆಲಸ. ಐವತ್ತು ದಾಟಿದ ಮೇಲೆ ನನ್ನ ಮಂಡಿಗಳು ಏಣಿ ಕಂಡರೆ ಸಾಕು, ಮುನಿಸಿಕೊಳ್ಳುತ್ತವೆ. ಅತ್ತೆ ಹೇಳಿದ ಕೆಲಸವೇ ಆಗಿದ್ದರೆ ಎಷ್ಟೋ ವಾಸಿ ಎಂದು ಈಚೆಗೆ ನನಗೂ ಅನ್ನಿಸತೊಡಗಿದೆ.

ಆ ಸೋಮವಾರ ನಾನಿದ್ದದ್ದು ಒಂದು ಕೋಲ್ಡ್ ಸ್ಟೋರೇಜಿನ ಕರೆಂಟಿನ ಪ್ಯಾನಲ್ ರೂಮಿನಲ್ಲಿ. ಎರಡು ವರ್ಷದ ಹಿಂದೆಯೂ ಇಲ್ಲಿ ಆಡಿಟ್ ಮಾಡಿದವಳು ನಾನೇ. ಹಿಂದಿನ ವಾರ ಜೋಡಿಸಿಟ್ಟು ಹೋಗಿದ್ದ ಅಳತೆಯ ಪೆಟ್ಟಿಗೆಗಳನ್ನು ಬಿಚ್ಚಿ, ಅಂಕಿಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕೂತಿದ್ದೆ. ಸುತ್ತ ಕಂಪ್ರೆಸರುಗಳ ಗುಂಯ್ ಎನ್ನುವ ಸದ್ದು, ಪಕ್ಕದ ಗೋಡೆಯಾಚೆ ಮೈನಸ್ ಹದಿನೆಂಟು ಡಿಗ್ರಿ, ನನ್ನ ಕಡೆ ಬೆವರು. ಮ್ಯಾನೇಜರ್ ಬಾಗಿಲಲ್ಲೇ ನಿಂತು ಕೇಳಿದರು.

"ಲೆಕ್ಕ ಸರಿ ಕೂತ್ಕೊಳ್ತಾ ಮೇಡಂ?"

"ಕೂತಿದೆ ಸಾರ್. ಮೇನ್ ಮೀಟರಿಗೂ ಒಳಗಿನ ಯಂತ್ರಗಳ ಒಟ್ಟಿಗೂ ಅಷ್ಟೇನೂ ವ್ಯತ್ಯಾಸ ಇಲ್ಲ."

"ಕೂರ್ದೆ ಎಲ್ಲಿಗೆ ಹೋಗುತ್ತೆ? ಕಳ್ಳ ಹೋದ, ಕಳ್ಳತನ ನಿಂತ್ಹೋಯ್ತು. ಎಲ್ಲಾ ನಿಮ್ಮ ಪುಣ್ಯ," ಎಂದು ಕೈ ಮುಗಿದರು.

ಕಳ್ಳ ಅಂದರೆ ಟೆಸ್ಟರ್. ಇಲ್ಲಿನ ಹಳೆಯ ಎಲೆಕ್ಟ್ರಿಷಿಯನ್. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಯಾವಾಗಲೂ ಟೆಸ್ಟರ್ ಇರುತ್ತಿದ್ದುದಕ್ಕೆ ಆ ಹೆಸರು. ಹಿಂದಿನ ಆಡಿಟ್‌ನಲ್ಲಿ ಮೇನ್ ಮೀಟರು ವಾರಕ್ಕೆ ಹದಿನೆಂಟು ಸಾವಿರ ಯೂನಿಟ್ ತೋರಿಸಿತ್ತು, ಒಳಗಿನ ಯಂತ್ರಗಳನ್ನೆಲ್ಲ ಕೂಡಿದರೆ ಹದಿನಾರೇ ಸಾವಿರ. ನಡುವಿನ ಎರಡು ಸಾವಿರ ಎಲ್ಲಿ ಹೋಯಿತು ಎಂಬುದಕ್ಕೆ "ಅನಧಿಕೃತ ಸಂಪರ್ಕ ಇರುವ ಸಾಧ್ಯತೆ" ಎಂದು ನಾನು ಒಂದು ಸಾಲು ಬರೆದಿದ್ದೆ. ಪ್ಯಾನಲ್ ರೂಮಿನ ಬೀಗದ ಕೈ ಇದ್ದದ್ದು ಟೆಸ್ಟರ್ ಬಳಿ ಮಾತ್ರ. ಪಕ್ಕದ ಮರಗೆಲಸದ ಶೆಡ್ಡಿಗೆ ಅವನೇ ಲೈನ್ ಕೊಟ್ಟಿದ್ದಾನೆ ಎಂದು ಯಾರೋ ಹೇಳಿದರು, ಎಲ್ಲರೂ ನಂಬಿದರು. ಇಪ್ಪತ್ತಾರು ವರ್ಷ ದುಡಿದವನನ್ನು ಒಂದು ವಾರದಲ್ಲಿ ಹೊರಗೆ ಹಾಕಿದರು. ಈ ಸುದ್ದಿ ನನಗೆ ತಲುಪುವ ಹೊತ್ತಿಗೆ ನಾನು ಬೇರೊಂದು ಊರಿನ ಬೇರೊಂದು ಏಣಿಯ ಮೇಲಿದ್ದೆ. ಅಯ್ಯೋ ಪಾಪ ಎಂದುಕೊಂಡು ಮರೆತೂಬಿಟ್ಟೆ.

ಮ್ಯಾನೇಜರ್ ಹೋದ ಮೇಲೆ ಹಳೆಯ ವರದಿಯನ್ನು ಹೊಸ ಅಂಕಿಗಳ ಪಕ್ಕ ಇಟ್ಟುಕೊಂಡೆ. ಕಳ್ಳತನ ನಿಂತಿದ್ದರೆ ಮೇನ್ ಮೀಟರು ಇಳಿಯಬೇಕಿತ್ತಲ್ಲ? ಯಂತ್ರಗಳು ಅವೇ, ಸರಕು ಅಷ್ಟೇ. ಮೀಟರು ಈಗಲೂ ಹದಿನೆಂಟು ಸಾವಿರವನ್ನೇ ತೋರಿಸುತ್ತಿದೆ. ಬದಲಾಗಿದ್ದು ಒಂದೇ ಒಂದು ಅಂಕಿ: ಮೂರನೇ ಕಂಪ್ರೆಸರು ಆಗ ವಾರಕ್ಕೆ ಒಂದು ಸಾವಿರ ತಿಂದಿತ್ತು, ಈಗ ಮೂರು ಸಾವಿರ.

ಒಂದಿದ್ದದ್ದು ಮೂರು. ನಮ್ಮ ಕಸುಬಿನವರಿಗೆ ಇಷ್ಟು ಸಾಕು. ಅಳೆಯುವಾಗ ಯಂತ್ರದ ಮೂರು ವೈರುಗಳಿಗೆ ಬಳೆಯಂಥ ಒಂದೊಂದು ಕ್ಲ್ಯಾಂಪ್ ತೊಡಿಸುತ್ತೇವೆ. ಪ್ರತಿ ಕ್ಲ್ಯಾಂಪಿನ ಮೇಲೂ ಒಂದು ಬಾಣದ ಗುರುತು, ಅದು ಯಂತ್ರದ ಕಡೆ ಮುಖ ಮಾಡಿರಬೇಕು. ಮೂರರಲ್ಲಿ ಒಂದು ತಿರುಗಿದ್ದರೂ ಪೆಟ್ಟಿಗೆ ಆ ವೈರಿನ ಪಾಲನ್ನು ಕೂಡುವ ಬದಲು ಕಳೆಯುತ್ತದೆ. ಮೂರು ಪಾಲು ಇರುವಲ್ಲಿ ಒಂದೇ ಪಾಲು ಉಳಿಯುತ್ತದೆ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ವರದಿಯ ಕೊನೆಯಲ್ಲಿ ನಾನೇ ತೆಗೆದು ಅಂಟಿಸಿದ್ದ ಫೋಟೋ ಇತ್ತು. ದೊಡ್ಡದು ಮಾಡಿ ನೋಡಿದೆ. ಎರಡು ಬಾಣ ಕಂಪ್ರೆಸರಿನ ಕಡೆ, ಒಂದು ನನ್ನ ಕಡೆ.

ಆ ದಿನ ನೆನಪಾಯಿತು. ಮನೆಯ ನೀರಿನ ಮೋಟರು ಕೆಟ್ಟಿತ್ತು. ಅದನ್ನು ಯಾರು ಸರಿಮಾಡಿಸಬೇಕು ಎಂದು ಗಂಡನ ಜೊತೆ ಫೋನಿನಲ್ಲಿ ಕಿತ್ತಾಡುತ್ತ, ಒಂದೇ ಕೈಯಲ್ಲಿ ಕ್ಲ್ಯಾಂಪ್ ತೊಡಿಸುತ್ತಿದ್ದೆ. ಕೆಳಗೆ ಏಣಿ ಹಿಡಿದು ನಿಂತಿದ್ದ ಟೆಸ್ಟರ್ ಏನೋ ಹೇಳಲು ಬಾಯಿ ತೆರೆದಿದ್ದರು. "ಒಂದ್ನಿಮಿಷ ಸುಮ್ನಿರ್ತೀರಾ?" ಎಂದು ಗದರಿದ್ದೆ. ನೀರಿನ ಮೋಟರಿನ ಜಗಳಕ್ಕೆ ಒಬ್ಬ ಮನುಷ್ಯನ ಮಾನ ಹೋಯಿತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ವಿಷಯ ತಿಳಿಸಿದಾಗ ಮ್ಯಾನೇಜರ್ ಮೊದಲು ನಕ್ಕರು, ಆಮೇಲೆ ಬಾಗಿಲು ಹಾಕಿದರು.

"ಮುಗಿದುಹೋದ ಕಥೆ ಮೇಡಂ. ಈಗ ಯಾಕೆ ಕೆದಕ್ತೀರಿ? ನಿಮ್ಮ ಹೆಸರೂ ಕೆಡುತ್ತೆ, ನಮ್ಮದೂ ಕೆಡುತ್ತೆ."

"ಅವರ ಹೆಸರು ಆಗಲೇ ಕೆಟ್ಟಿದೆಯಲ್ಲ ಸಾರ್."

ಅಲ್ಲೇ ಕೂತು ತಿದ್ದುಪಡಿ ಪತ್ರ ಬರೆದೆ. ತಪ್ಪು ಅಳತೆಯದು, ಅಳೆದವಳು ನಾನು, ವಿದ್ಯುತ್ ಕಳುವಾಗಿಲ್ಲ. ಮೂರೇ ಸಾಲು. ಇಷ್ಟು ಚಿಕ್ಕ ವರದಿಯನ್ನು ನಾನು ಜನ್ಮದಲ್ಲಿ ಬರೆದಿರಲಿಲ್ಲ. ನಾಳೆಯಿಂದ ಯಾರು ನನ್ನನ್ನು ಕೆಲಸಕ್ಕೆ ಕರೆಯುತ್ತಾರೋ ಬಿಡುತ್ತಾರೋ ಎಂಬ ಭಯವೂ ಇತ್ತು. ಆದರೆ ಅಷ್ಟು ಹೊತ್ತಿಗೆ ಭಯಪಡುವುದಕ್ಕೂ ಸುಸ್ತಾಗಿತ್ತು. ಒಂದು ಪ್ರತಿಯನ್ನು ಮ್ಯಾನೇಜರ್ ಮೇಜಿನ ಮೇಲಿಟ್ಟು, ಇನ್ನೊಂದನ್ನು ಬ್ಯಾಗಿಗೆ ಹಾಕಿಕೊಂಡು, ಗೇಟಿನ ಕಾವಲುಗಾರನ ಹತ್ತಿರ ಟೆಸ್ಟರ್ ಮನೆಯ ದಾರಿ ಕೇಳಿದೆ.

ಬಟ್ಟೆ ಹೊಲಿಯುವ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಏಣಿ ಮುಗಿಯಿತೆಂದರೆ ಮೆಟ್ಟಿಲು. ಟೆಸ್ಟರ್ ಆಗಷ್ಟೇ ಕೆಲಸದಿಂದ ಬಂದಿದ್ದರು. ಈಗ ಪಾರ್ಸೆಲ್ ಗೋದಾಮೊಂದರಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುತ್ತಾರಂತೆ. ಕರೆಂಟು ಕದ್ದವನೆಂಬ ಹೆಸರು ಹೊತ್ತವನ ಕೈಗೆ ವೈರು ಕೊಡುವವರು ಯಾರೂ ಸಿಕ್ಕಿರಲಿಲ್ಲ. ಜೇಬಿನಲ್ಲಿ ಏನೂ ಇರಲಿಲ್ಲ. ನನ್ನ ಗುರುತು ಹಿಡಿದು, ಕುರ್ಚಿ ಎಳೆದು ಕೂರಿಸಿದರು. ಪತ್ರವನ್ನು ಎರಡು ಸಲ ಓದಿದರು.

"ಬಾಣ ಉಲ್ಟಾ ಇದೆ ಅಂತ ಅವತ್ತೇ ಹೇಳಕ್ಕೆ ಬಂದಿದ್ದೆ ಮೇಡಂ. ನೀವು ಫೋನಲ್ಲಿದ್ರಿ."

"ಹೌದು. ನಿಮಗೆ ಗದರಿದ್ದೆ."

"ವಿಚಾರಣೇಲೂ ಹೇಳ್ದೆ. ಓದಿರೋರ ಮೇಲೆ ಗೂಬೆ ಕೂರಿಸ್ತೀಯಾ ಅಂದ್ರು."

"ತಪ್ಪಾಯ್ತು ಅಣ್ಣ," ಎಂದೆ. ಬೈಯಲಿ, ಕೂಗಾಡಲಿ ಎಂದು ಕಾದೆ. ಅವರು ಬೈಯಲಿಲ್ಲ. ಅವರ ಮುಖ ನಿಧಾನವಾಗಿ ಅರಳಿತು, ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಯಿತು.

"ಹೊರಗಿನವರು ಏನಾದ್ರೂ ಅಂದ್ಕೊಳ್ಳಲಿ ಮೇಡಂ, ಹೆಂಗೋ ತಡ್ಕೊಂಡೆ. ನಮ್ಮನೆಯವಳು ಒಂದು ದಿನ, ಒಂದೇ ಒಂದು ದಿನ ಕೇಳ್ಲಿಲ್ಲ, ನೀವು ಕದ್ರಾ ಅಂತ. ಅಷ್ಟು ನಂಬಿಕೆ. ಅದ್ರ ಮೇಲೇ ಬದುಕಿದೀನಿ." ಆಮೇಲೆ ಒಳಗೆ ತಿರುಗಿ ಕೂಗಿದರು. "ಲೇ, ಇಲ್ಲಿ ಬಾ. ಮೇಡಂ ಏನೋ ಹೇಳ್ತಾರೆ, ನೀನೂ ಕೇಳು."

ಅವರ ಹೆಂಡತಿ ಬೀನ್ಸ್ ಮುರಿಯುತ್ತಿದ್ದ ತಟ್ಟೆ ಹಿಡಿದುಕೊಂಡೇ ಬಂದರು. ನಾನು ಎದ್ದು ನಿಂತು ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಕ್ಲ್ಯಾಂಪು, ಬಾಣ, ನನ್ನ ತಪ್ಪು. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ನನ್ನನ್ನು ನೋಡಿದರು, ಪತ್ರವನ್ನು ನೋಡಿದರು, ಕೊನೆಗೆ ಗಂಡನ ಕಡೆ ತಿರುಗಿದರು.

"ಹಾಗಾದ್ರೆ ನೀವು ತಗೊಂಡಿರ್ಲಿಲ್ವಾ?"

ಟೆಸ್ಟರ್ ಹೆಂಡತಿಯ ಕಡೆ ನೋಡಿದರು. ಅರಳಿದ್ದ ಮುಖ ಹಾಗೇ ನಿಂತುಬಿಟ್ಟಿತು.

ಆಕೆಗೆ ತಾನು ಏನು ಕೇಳಿದೆ ಎಂಬುದು ಆಮೇಲೆ ಹೊಳೆಯಿತು. ತಟ್ಟೆಯನ್ನು ಕೆಳಗಿಟ್ಟರು. "ಮಕ್ಕಳಿಗೋಸ್ಕರ ಮಾಡಿರ್ತೀರಿ ಅಂದ್ಕೊಂಡಿದ್ದೆ. ಕೇಳಿದ್ರೆ ನೊಂದ್ಕೊಳ್ತೀರಿ ಅಂತ ಸುಮ್ನಿದ್ದೆ," ಎಂದರು. ಮಾತು ಮುಗಿಯುವ ಮೊದಲೇ ದನಿ ಸಣ್ಣದಾಗಿತ್ತು.

ನನ್ನ ಪತ್ರದಲ್ಲಿ ಇದಕ್ಕೆ ಸಾಲು ಇರಲಿಲ್ಲ. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಟೆಸ್ಟರ್ ಪತ್ರವನ್ನು ಮಡಿಸಿ ಕುರ್ಚಿಯ ಮೇಲಿಟ್ಟು, ನನ್ನ ಕಡೆ ನೋಡದೆ ಹೇಳಿದರು.

"ನೀವು ಹೊರಡಿ ಮೇಡಂ. ಮೆಟ್ಲು ಹುಷಾರು."