ಕಪ್ಪೆಚಿಪ್ಪಿನಲ್ಲಿ ಕಪ್ಪೆಯಿಲ್ಲ

ಆ ಸರೋವರದ ಈ ದಡದಲ್ಲಿ ನಿಂತರೆ ಆ ದಡ ಕಾಣುತ್ತಿರಲಿಲ್ಲ. ಹಿಂದೆಲ್ಲ ನೀರಿನೊಳಗೂ ಏನೂ ಕಾಣುತ್ತಿರಲಿಲ್ಲ. ಎಲೆ ಹಿಂಡಿದ ಹಾಗೆ ನಸುಹಸಿರು. ಕಣ್ಣಿಗೆ ಕಾಣುವವರ ಊಟವನ್ನು ದೇವರು ಕಣ್ಣಿಗೆ ಕಾಣದವರ ಕೈಯಲ್ಲಿ ಕೊಟ್ಟಿಟ್ಟಿದ್ದಾನೆ. ಆ ಹಸಿರು ಅವನ ಉಗ್ರಾಣ. ಪಾಚಿಯ ಕಣವನ್ನು ಚುಕ್ಕೆಯಷ್ಟಿರುವ ನೀರುಚಿಗಟ ತಿನ್ನಬೇಕು, ಅದನ್ನು ಮರಿಮೀನು ತಿನ್ನಬೇಕು, ಮೀನು ತಿಂದು ನಾವು ಬಾಯಿ ಒರೆಸಿಕೊಳ್ಳಬೇಕು. ಈ ಪಂಕ್ತಿಯ ಕೊನೆಯಲ್ಲಿ ಕೂತವರಿಗೆ ಮೊದಲಲ್ಲಿ ಕೂತವರ ಪರಿಚಯ ಇರುವುದು ಅಪರೂಪ.

ಪರಿಚಯ ಇದ್ದದ್ದು ಹನಿಯಕ್ಕನಿಗೆ. ಸರೋವರ ಮಂಡಳಿಯ ಕಚೇರಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ಅವಳು ದಿನವಿಡೀ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಹನಿ ನೀರಿನೊಳಗಿನ ತೇಲುಜೀವಿಗಳನ್ನು ನೋಡುತ್ತಿದ್ದಳು. ಹಾಗಾಗಿ ಆ ಹೆಸರು. ಮಂಡಳಿಯ ಅಧಿಕಾರಿ ಅವಳ ಅಕ್ಕನ ಗಂಡ. ಮನೆಯಲ್ಲೂ ಭಾವ, ಕಚೇರಿಯಲ್ಲೂ ಭಾವ. ಸಂಬಳ ಒಂದೇ ಕಡೆ, ಬೈಗುಳ ಎರಡೂ ಕಡೆ.

ಸರೋವರದ ಆರೋಗ್ಯ ಹೇಗಿದೆಯೆಂದು ಮಂಡಳಿಗೆ ಹೇಳುತ್ತಿದ್ದದ್ದು ಒಂದು ತಟ್ಟೆ. ಕಪ್ಪುಬಿಳುಪು ಬಳಿದ ಆ ತಟ್ಟೆಯನ್ನು ಹಗ್ಗ ಕಟ್ಟಿ ದೋಣಿಯಿಂದ ಇಳಿಬಿಡುವುದು. ಅದು ಎಷ್ಟು ಆಳದವರೆಗೆ ಕಂಡರೆ ನೀರು ಅಷ್ಟು ಚೊಕ್ಕಟ. ಕೆಲವು ವರ್ಷಗಳಿಂದ ತಟ್ಟೆ ಕೆಳಗಿಳಿಯುತ್ತಲೇ ಇತ್ತು, ಭಾವನ ಕೀರ್ತಿ ಮೇಲೇರುತ್ತಲೇ ಇತ್ತು. ಆ ಬೇಸಿಗೆಯಲ್ಲಿ ಹಗ್ಗವೇ ಸಾಲದೆ ಬಂತು.

"ತಳ ಕಾಣ್ತಿದೆ ಅಕ್ಕಾ," ಎಂದ ದೋಣಿಯವ ಬಗ್ಗಿ ನೋಡುತ್ತ. "ಹೋದ ವರ್ಷ ಬೀಳಿಸ್ಕೊಂಡ ನನ್ನ ಚಪ್ಪಲೀನೂ ಕಾಣ್ತಿದೆ."

"ಎತ್ತು, ನೋಡೋಣ."

ಲಂಗರಿನ ಹಗ್ಗಕ್ಕೆ ಕೊಕ್ಕೆ ಕಟ್ಟಿ ಎತ್ತಿದರೆ ಅದು ಚಪ್ಪಲಿ ಎನ್ನುವಂತೆಯೇ ಇರಲಿಲ್ಲ. ಉಗುರಿನಷ್ಟು ಸಣ್ಣ, ಪಟ್ಟೆ ಪಟ್ಟೆಯ ಕಪ್ಪೆಚಿಪ್ಪುಗಳು ಒಂದರ ಮೇಲೊಂದು ಕಚ್ಚಿಕೊಂಡಿದ್ದವು. ಯಾವುದೋ ದೂರದ ನೀರಿನಿಂದ, ಪಂದ್ಯದ ದೋಣಿಗಳ ಅಡಿಗೆ ಅಂಟಿಕೊಂಡು ಕರೆಯದೆ ಬಂದ ನೆಂಟರು. ಒಂದೊಂದೂ ದಿನಕ್ಕೊಂದು ತಂಬಿಗೆ ನೀರು ಒಳಗೆಳೆದುಕೊಂಡು, ಹಸಿರನ್ನು ತಾನಿಟ್ಟುಕೊಂಡು, ಬರಿನೀರನ್ನು ಹೊರಗೆ ಬಿಡುತ್ತದೆ.

ಹನಿಯಕ್ಕ ತೇಲುಜೀವಿಗಳನ್ನು ಸೋಸಿ ಹಿಡಿಯುವ ಬಲೆಯ ತುದಿಯ ಶೀಸೆ ಬಿಚ್ಚಿ ಬಿಸಿಲಿಗೆ ಹಿಡಿದಳು. ಮೊದಲಾದರೆ ಗಂಜಿಯ ಹಾಗೆ ಮಂದವಾಗಿರುತ್ತಿತ್ತು. ಈಗ ಶೀಸೆಯ ಆಚೆ ಕೂತ ದೋಣಿಯವನ ಹಲ್ಲು ಕಂಡಿತು.

"ಎಷ್ಟು ತಿಳಿಯಾಗಿದೆ ಅಲ್ವಾ?"

"ತಿಳಿ ಅಲ್ಲಪ್ಪ ಇದು. ಉಂಡು ತೊಳೆದಿಟ್ಟ ಪಾತ್ರೆ."

ಅದೇ ವಾರ ಭಾವ ಅವಳನ್ನು ಮೇಲಕ್ಕೆ ಕರೆಸಿದ. ಮಂಡಳಿಯ ಅಧ್ಯಕ್ಷರೂ ಕೂತಿದ್ದರು. ವಯಸ್ಸಾದವರು, ದೈವಭಕ್ತರು, ಕಿವಿ ಸ್ವಲ್ಪ ಮಂದ.

"ನೋಡಮ್ಮ, ಶೀಸೆ ಖಾಲಿ ಬರ್ತಿದೆ ಅಂತ ನೀನೇ ಹೇಳ್ತೀಯ," ಎಂದ ಭಾವ. "ನೋಡೋಕೇ ಏನೂ ಇಲ್ಲ ಅಂದ್ಮೇಲೆ ನೋಡೋರು ಯಾಕೆ? ನಮ್ಮ ತಿಳಿನೀರಿನ ಸಮಾರಂಭ ಮುಗಿದ ಮೇಲೆ ಆ ಕೋಣೆ ಮುಚ್ಚಿಸ್ತೀನಿ. ನಿನ್ನನ್ನ ದೋಣಿವಿಹಾರದ ಟಿಕೆಟ್ ಕೌಂಟರಿಗೆ ಹಾಕ್ತೀನಿ. ಫ್ಯಾನ್ ಇದೆ, ಜನ ಇದ್ದಾರೆ."

"ಭಾವ, ಖಾಲಿ ಬರ್ತಿರೋದೇ ಸುದ್ದಿ. ಡಬ್ಬಿಗಳೆಲ್ಲ ಬರಿದಾದ್ರೆ, ಅಡುಗೆಮನೆ ಎಷ್ಟು ಚೊಕ್ಕಟ ಅಂತ ಅಕ್ಕ ಕುಣೀತಾಳಾ?"

"ನಿಮ್ಮಕ್ಕನ್ನ ಕಚೇರಿಗೆ ತರಬೇಡ."

"ಆ ಕೋಣೆ ಹೋದ್ರೆ ಕೆರೆ ಒಳಗೆ ನೋಡೋ ಕಣ್ಣೇ ಹೋಯ್ತು. ಇದೆಲ್ಲ ಕಪ್ಪೆಚಿಪ್ಪಿನ ಕೆಲಸ ಭಾವ..."

"ಕಪ್ಪೆನಾ?" ಅಧ್ಯಕ್ಷರು ನೆಟ್ಟಗೆ ಕೂತರು. "ಕಪ್ಪೆ ವಾಪಸ್ ಬಂದಿದ್ಯಾ? ನಾನು ಚಿಕ್ಕವನಿದ್ದಾಗ ಕಿವಿ ತುಂಬ ವಟವಟ ಕಣಮ್ಮ. ಎಲ್ಲಿ ಹೋದ್ವೋ ಅಂದ್ಕೊಂಡಿದ್ದೆ."

"ಕಪ್ಪೆ ಅಲ್ಲ ಸರ್, ಕಪ್ಪೆಚಿಪ್ಪು. ಚಿಪ್ಪಿನೊಳಗಿರೋ ಪ್ರಾಣಿ."

"ಚಿಪ್ಪಿರೋ ಕಪ್ಪೆ!" ಅಧ್ಯಕ್ಷರ ಕಣ್ಣು ತುಂಬಿ ಬಂತು. "ಭಗವಂತ ಎಂತೆಂಥಾದ್ದು ಮಾಡಿದಾನೆ ನೋಡಿ. ಅದಕ್ಕೊಂದು ವಿಭಾಗ ಮಾಡಿ ಇವರೇ. ಕಪ್ಪೆ ವಿಭಾಗ. ಈಗಲೇ ಬರ್ಕೊಳ್ಳಿ."

ಭಾವ ಬರೆದುಕೊಂಡ. ಅಧ್ಯಕ್ಷರು ಸಂತೋಷದಲ್ಲಿದ್ದಾಗ ಅವರನ್ನು ತಿದ್ದುವ ಅಭ್ಯಾಸ ಅವನಿಗಿರಲಿಲ್ಲ. ಹನಿಯಕ್ಕ ಬಾಯಿ ತೆರೆದಳು; ಭಾವ ಕಣ್ಣು ಬಿಟ್ಟ. ಅವಳು ಕೆಳಗಿಳಿದು ಹೋಗಿ ಸೂಕ್ಷ್ಮದರ್ಶಕಕ್ಕೆ ಮುಸುಕು ಹೊಲಿಯತೊಡಗಿದಳು.

ತಿಳಿನೀರಿನ ಸಮಾರಂಭ ದಡದಲ್ಲೇ ನಡೆಯಿತು. ಸರೋವರದ ಆಳದಿಂದ ಊರಿಗೆ ನೀರೆಳೆಯುವ ದೊಡ್ಡ ಕೊಳವೆಗೆ ಒಂದು ಕವಲು ತೆಗೆದು, ವೇದಿಕೆಯ ಮೇಲೆ ಹಿತ್ತಾಳೆಯ ನಲ್ಲಿ ಕೂರಿಸಿದ್ದರು. ಅಧ್ಯಕ್ಷರು ಅದರಿಂದ ಒಂದು ಲೋಟ ಹಿಡಿದು ಎಲ್ಲರೆದುರು ಕುಡಿಯಬೇಕು. ಇದು ಭಾವನ ಯೋಜನೆ; ಕನ್ನಡಿಯ ಮುಂದೆ ನಿಂತು ಭಾಷಣವನ್ನೂ ಬಾಯಿಪಾಠ ಮಾಡಿದ್ದ.

ಅಧ್ಯಕ್ಷರು ನಲ್ಲಿ ತಿರುಗಿಸಿದರು. ನೀರಿಲ್ಲ. ಇನ್ನೂ ತಿರುಗಿಸಿದರು. ನಲ್ಲಿ ಮುದುಕನಂತೆ ಕೆಮ್ಮಿತು. ಟಿಣ್ ಎಂದು ಲೋಟಕ್ಕೊಂದು ಚಿಪ್ಪು ಬಿತ್ತು. ಮೈಕು ಆ ಸದ್ದನ್ನು ಮೈದಾನಕ್ಕೆಲ್ಲ ಹಂಚಿತು. ಮತ್ತೊಂದು ಟಿಣ್. ಆಮೇಲೆ ಬರೀ ಗಾಳಿ.

"ಕೊನೆಗೂ ಕೈಗೆ ಚಿಪ್ಪು ಕೊಟ್ರು ನೋಡ್ರಪ್ಪೋ!" ಎಂದು ಹಿಂದಿನ ಸಾಲಿನಿಂದ ದೋಣಿಯವ ಕೂಗಿದ. ನಗೆ ದಡದುದ್ದಕ್ಕೂ ಹೋಗಿ ತಿರುಗಿ ಬಂತು. ನಗುತ್ತ ಮನೆಗೆ ಹೋದವರು ಅಲ್ಲಿ ನಲ್ಲಿ ತಿರುಗಿಸಿದ ಮೇಲೆ ನಗಲಿಲ್ಲ. ಕೊಳವೆಯ ಬಾಯಿಗೆ ಚಿಪ್ಪು ಗೋಡೆ ಕಟ್ಟಿತ್ತು. ಕಣ್ಣು ಹಾಯುವಷ್ಟು ದೂರ ಸ್ಫಟಿಕದಂಥ ನೀರು. ಊರಿನಲ್ಲಿ ಕೈ ತೊಳೆಯಲಿಕ್ಕೆ ಹನಿಯಿಲ್ಲ.

ಮುಳುಗುಗಾರರು ಕೊಳವೆ ಹೆರೆದು ಮುಗಿಸಿದ ಮೇಲೆ ಭಾವ ಮೆಟ್ಟಿಲ ಕೆಳಗಿನ ಬಾಗಿಲಲ್ಲಿ ಬಂದು ನಿಂತ.

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆನಲ್ಲ ಭಾವ."

"ಬಿಡಿಸಿ ಹೇಳಬೇಕಿತ್ತು." ಅವನು ಮುಸುಕು ಹೊದ್ದ ಸೂಕ್ಷ್ಮದರ್ಶಕವನ್ನೇ ನೋಡಿದ. "ಇರ್ಲಿ. ಕೋಣೆ ಮುಚ್ಚೋದಿಲ್ಲ. ಅಧ್ಯಕ್ಷರ ಕಪ್ಪೆ ವಿಭಾಗ ಮಂಜೂರಾಗಿದೆ, ಅದಕ್ಕೊಂದು ಕೋಣೆ ತೋರಿಸಲೇಬೇಕು. ಚಿಪ್ಪು ಅಂತ ಸೇರಿಸೋಕೆ ಹೋದ್ರೆ ಮತ್ತೆ ಸಭೆ ಕರೀಬೇಕು, ತಪ್ಪು ಯಾರದು ಅಂತ ಕೇಳ್ತಾರೆ. ಹಾಗೇ ಇರ್ಲಿ ಬಿಡು."

ಹೀಗೆ, ವರ್ಷಗಟ್ಟಲೆ ನಿಜ ಹೇಳಿ ಉಳಿಸಿಕೊಳ್ಳಲಾಗದ ಕೋಣೆ ಒಂದು ತಪ್ಪಿನಿಂದ ಉಳಿಯಿತು. ಬಾಗಿಲ ಮೇಲೆ ಹೊಸ ಫಲಕ ಬಂತು. ಹನಿಯಕ್ಕ ಅದರ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಿ ಮುಸುಕು ತೆಗೆದಳು.

ಒಂದು ಮಧ್ಯಾಹ್ನ ಅಧ್ಯಕ್ಷರೇ ಮೆಟ್ಟಿಲಿಳಿದು ಬಂದರು. "ಏನಮ್ಮಾ, ಕಪ್ಪೆ ಹೇಗಿವೆ?"

ಅವಳು ಎದ್ದು ತನ್ನ ಸ್ಟೂಲನ್ನು ಅವರಿಗೆ ಸರಿಸಿದಳು. "ನೀವೇ ನೋಡಿ ಸರ್."

ಅಧ್ಯಕ್ಷರು ಕನ್ನಡಕ ತೆಗೆದು ಬಗ್ಗಿದರು. ಬರಿದಾದ ಬೆಳಕಿನ ವೃತ್ತದಲ್ಲಿ ಒಂದೇ ಒಂದು ನೀರುಚಿಗಟ. ಗಾಜಿನಂಥ ಮೈ. ಹೊಟ್ಟೆಯ ಜಾಗದಲ್ಲಿ ಹಸಿರಿಲ್ಲ. ಹೃದಯ ಮಾತ್ರ ಹೊಡೆದುಕೊಳ್ಳುತ್ತಿತ್ತು.

"ಇದು ಮರಿನಾ?"

"ಕಪ್ಪೆ ಅಲ್ಲ ಸರ್," ಎಂದು ಅವರ ಕಿವಿಯ ಹತ್ತಿರ ಬಗ್ಗಿ, ಬಿಡಿಸಿ ಬಿಡಿಸಿ ಹೇಳಿದಳು. "ಹಸಿದಿದೆ."

"ಪಾಪ," ಎಂದರು ಅಧ್ಯಕ್ಷರು. ಕಣ್ಣು ತೆಗೆಯಲಿಲ್ಲ.