ಎಡಕ್ಕೆ ನೋಡುವ ಕೊಕ್ಕರೆ

ಅಮೆರಿಕನ್ ಫುಟ್‌ಬಾಲ್ ಪಂದ್ಯದ ಶನಿವಾರ ಬೆಳಿಗ್ಗೆ ಊರಿಗೆ ಊರೇ ಕ್ರೀಡಾಂಗಣದ ಹೊರಗಿನ ಬಯಲಿನಲ್ಲಿ ಟ್ರಕ್ಕುಗಳ ಹಿಂಬಾಗಿಲು ಇಳಿಸಿ ಸಾಸೇಜು ಸುಡುತ್ತಿದ್ದರೆ, ಲೋರ್ನಾ ವಿಟೆಕ್ ಮಾತ್ರ ಜನರ ತಲೆ ನೋಡುತ್ತ ನಡೆಯುತ್ತಿದ್ದಳು. ಅದೇ ಅವಳ ಕೆಲಸ. ಬ್ರೆನ್ಸ್‌ಬಿ ವಿಶ್ವವಿದ್ಯಾಲಯದ ಚಿಹ್ನೆಯಾದ ಕೊಕ್ಕರೆ ಟೋಪಿಯ ಮೇಲೆ ಕೂರಲಿ, ಲೋಟದ ಮೇಲೆ ಕೂರಲಿ, ಅವಳ ಕಚೇರಿಯ ಪರವಾನಗಿ ಬೇಕು. ಪರವಾನಗಿ ಇದ್ದ ಮಾಲಿಗೆ ಮಿನುಗುವ ಚೀಟಿ, ಇಲ್ಲದ್ದು ಜಪ್ತಿ.

ಅವತ್ತು ಕಣ್ಣಿಗೆ ಬಿದ್ದದ್ದು ಉಣ್ಣೆಯ ಟೋಪಿಗಳು. ಒಂದಲ್ಲ ಎರಡಲ್ಲ, ಇಪ್ಪತ್ತಾದರೂ ಇದ್ದವು. ಎಲ್ಲದರಲ್ಲೂ ಎಡಪಕ್ಕಕ್ಕೆ ಹೆಣೆದ ಒಂದೇ ಕೊಕ್ಕರೆ, ಅದೂ ಎಡಕ್ಕೆ ನೋಡುತ್ತಿತ್ತು! ನಿಯಮದ ಪುಸ್ತಕದ ಆರನೇ ಪುಟವನ್ನು ಲೋರ್ನಾ ನಿದ್ದೆಯಲ್ಲೂ ಒಪ್ಪಿಸಬಲ್ಲಳು: ಕೊಕ್ಕರೆ ಸದಾ ಬಲಕ್ಕೆ ನೋಡಬೇಕು, ತಿರುಗಿಸಕೂಡದು. ಕದಿಯುವವನು ಇದ್ದದ್ದನ್ನು ಇದ್ದಹಾಗೇ ಕದಿಯುತ್ತಾನಲ್ಲ, ಇದ್ಯಾವ ಕಳ್ಳ ಹೀಗೆ? ಅವಳಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು.

ಕೇಳುತ್ತ ಹೋದರೆ, ಟ್ರಕ್ಕುಗಳ ಏಳನೇ ಸಾಲಿನ ಕೊನೆಯಲ್ಲಿ ಮಡಚುವ ಮೇಜಿನ ಹಿಂದೆ ಥೆಲ್ಮಾ ಓಸ್ಬಿ ಸಿಕ್ಕಳು. ಎಪ್ಪತ್ತು ದಾಟಿದ ಹೆಂಗಸು, ಕೈಯಲ್ಲಿ ಹೆಣಿಗೆಯ ಕಡ್ಡಿ. ಲೋರ್ನಾಳ ಕೊರಳಿನ ಗುರುತುಚೀಟಿ ನೋಡಿದ್ದೇ ಹೇಳಿದಳು:

“ಅರ್ಜಿ ಹಾಕಿದ್ದೆ ಕಣಮ್ಮ. ನಿಮ್ಮೋರೇ ವಾಪಸ್ ಕಳ್ಸಿದ್ರು, ಹಕ್ಕಿ ಉಲ್ಟಾ ಅಂತ.”

“ಬಲಕ್ಕೆ ನೋಡೋ ಹಕ್ಕಿ ಹಾಕಿದ್ರೆ ಮುಗೀತಿತ್ತಲ್ಲ?”

“ಅದು ನಂದಲ್ಲ.”

“ಮತ್ಯಾರದು? ನೋಡಿ, ಇವನ್ನೆಲ್ಲ ನಾನು ಇವತ್ತೇ ಎತ್ಕೊಂಡು ಹೋಗ್ಬೇಕಾಗುತ್ತೆ. ಬಿಡಿಸಿ ಹೇಳಿ.”

ಥೆಲ್ಮಾ ಟೋಪಿಗಳನ್ನು ತನ್ನತ್ತ ಎಳೆದುಕೊಂಡಳು. “ನಾನೂ ನನ್ನ ಗಂಡ ಆರ್ನೆನೂ ಮೂವತ್ತೊಂದು ವರ್ಷ ತಂಡದ ಸಾಮಾನು ಕೋಣೇಲಿ ಕೆಲಸಕ್ಕಿದ್ವಿ. ಪ್ರತಿ ಶುಕ್ರವಾರ ಹೆಲ್ಮೆಟ್‌ಗೆಲ್ಲ ಹೊಸ ಹಕ್ಕಿ ಅಂಟಿಸೋದು. ಬಲಗಡೆ ಅವ್ನು, ಎಡಗಡೆ ನಾನು. ಎಡಗಡೆ ಹಕ್ಕೀನೂ ಬಲಕ್ಕೆ ನೋಡಿದ್ರೆ, ಹುಡುಗ ಮುಂದೆ ಓಡ್ತಾನೆ, ಹಕ್ಕಿ ಹಿಂದೆ ಹಾರುತ್ತೆ. ನಿಮ್ ಪುಸ್ತಕ ಬರ್ದೋನು ಹೆಲ್ಮೆಟ್‌ನ ಒಂದೇ ಪಕ್ಕ ನೋಡಿದಾನೆ, ಪಾಪ.”

ಲೋರ್ನಾ ಬೇಲಿಯ ಹತ್ತಿರ ಹೋಗಿ ಇಣುಕಿದಳು. ಅಂಗಳದಲ್ಲಿ ಆಟಗಾರರು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಒಬ್ಬೊಬ್ಬನ ಎಡಗಿವಿಯ ಮೇಲೂ ಕೊಕ್ಕರೆ ಎಡಕ್ಕೇ ನೋಡುತ್ತಿತ್ತು. ಹನ್ನೊಂದು ವರ್ಷ ಕೊಕ್ಕರೆ ಕಾಯ್ದವಳಿಗೆ ಅವುಗಳಲ್ಲಿ ಅರ್ಧದಷ್ಟು ಕಂಡೇ ಇರಲಿಲ್ಲ. ನಾಚಿಕೆಯಾಯಿತು, ನಗುವೂ ಬಂತು.

“ಪುಸ್ತಕಾನೇ ತಿದ್ದಿಸ್ತೀನಿ,” ಎಂದಳು ವಾಪಸ್ ಬಂದು. “ಆದ್ರೆ ಟೋಪಿಯ ಬಲಗಡೆ ಯಾಕೆ ಖಾಲಿ? ಅಲ್ಲೂ ಒಂದು ಹಾಕಿ, ಚೆನ್ನಾಗಿರುತ್ತೆ.”

ಥೆಲ್ಮಾ ಖಾಲಿ ಜಾಗವನ್ನು ಅಂಗೈಯಿಂದ ಸವರಿದಳು. “ಅದು ಆರ್ನೆಯದು. ಈ ಮಾರ್ಚಲ್ಲಿ ತೀರ್ಕೊಂಡ. ಅವನ ಕಡೆಗೆ ನಾನು ಯಾವತ್ತೂ ಕೈ ಹಾಕಿಲ್ಲಮ್ಮ.”

ಲೋರ್ನಾ ಒಂದು ಟೋಪಿಯನ್ನೂ ಮುಟ್ಟದೆ ಹೊರಟಳು.

ಸೋಮವಾರ ಪರವಾನಗಿ ಪತ್ರವನ್ನು ತಾನೇ ತುಂಬಿದಳು. ಚಿಹ್ನೆ ಎಲ್ಲಿರಬೇಕು ಎಂದು ಕೇಳಿದ ಕಡೆ ಬರೆದಳು: ‘ಎಡಗಡೆ ಮಾತ್ರ. ಬಲಗಡೆ ಸದಾ ಖಾಲಿ ಇರತಕ್ಕದ್ದು.’ ಅದರ ಕೆಳಗೆ ವಿಶ್ವವಿದ್ಯಾಲಯದ ಮೊಹರು ಒತ್ತಿದಳು.